ಇದ್ದತ್ ಮುಗಿಯುವ ಮೊದಲು

ನಮ್ಮ ಫ್ಲಾಟಿನ ಅಡುಗೆಮನೆಗೆ ಬಾಗಿಲಿರಲಿಲ್ಲ. ನನ್ನ ಗಂಡ ತೀರಿಕೊಂಡ ಮರುದಿನ ಪಕ್ಕದ ಫ್ಲಾಟಿನ ಹೆಂಗಸರು ಅಲ್ಲಿಗೊಂದು ನೀಲಿ ಬೆಡ್‌ಶೀಟ್ ಕಟ್ಟಿ ಪರದೆ ಮಾಡಿಕೊಟ್ಟರು. ಮುಂದಿನ ನಾಲ್ಕು ತಿಂಗಳು ಹತ್ತು ದಿನ ಯಾವ ಪರಗಂಡಸಿನ ಜೊತೆ ಮಾತಾಡಬೇಕಾದರೂ ನಾನು ಅದರ ಹಿಂದೆ, ಗ್ಯಾಸ್ ಒಲೆಗೂ ಫ್ರಿಜ್ಜಿಗೂ ನಡುವಿನ ಸಂದಿಯಲ್ಲಿ ನಿಂತೇ ಆಡಬೇಕಿತ್ತು. ಅದು ನನ್ನ ಇದ್ದತ್ತಿನ ಕಾಲ. ಗಂಡ ಸತ್ತ ಹೆಂಗಸು ಅವನ ಮನೆಯಲ್ಲೇ ಕೂತು, ಹೊರಗೆ ತಿರುಗಾಡದೆ, ಬಣ್ಣ ಬಂಗಾರ ಮುಟ್ಟದೆ ಕಳೆಯಬೇಕಾದ ಅವಧಿ. ನಮ್ಮ ಕಡೆಯ ಬ್ಯಾರಿ ಹೆಂಗಸರಿಗೆ ಬಿಳಿ ಬಟ್ಟೆಯೂ ಆಗಬೇಕು. ಊರಲ್ಲಾದರೆ ಅದಕ್ಕೊಂದು ಒಳಕೋಣೆ, ಸುತ್ತ ಅತ್ತೆ, ನಾದಿನಿ, ಚಿಕ್ಕಮ್ಮ ಎಂದು ಒಂದು ದಂಡೇ ಇರುತ್ತದೆ. ದುಬೈಯ ಅಲ್ ನಹ್ದಾದ ಏಳನೇ ಮಹಡಿಯಲ್ಲಿ ಇದ್ದದ್ದು ನಾನು ಮತ್ತು ನಾಲ್ಕನೇ ಕ್ಲಾಸಿನ ನನ್ನ ಮಗಳು.

ಇವರು ಗ್ರಾಸರಿ ಅಂಗಡಿಗಳಿಗೆ ಬಿಸ್ಕೆಟು, ಜ್ಯೂಸು ಹಾಕುವ ವ್ಯಾನ್ ಸೇಲ್ಸ್‌ಮನ್ ಆಗಿದ್ದರು. ಅಲ್ ಬರ್ಷಾದ ಒಂದು ಅಂಗಡಿಯೆದುರು ವ್ಯಾನ್ ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಹಾರ್ಟ್ ಎಂದರು. ಊರಿಗೆ ಕಳಿಸುವುದೋ ಇಲ್ಲಿಯೇ ದಫನ ಮಾಡುವುದೋ ಎಂದು ಗಂಡಸರು ಕೂತು ತೀರ್ಮಾನಿಸಿ ಮುಹೈಸ್ನಾ ಕಡೆಯ ಖಬರಸ್ಥಾನಕ್ಕೆ ಕೊಂಡುಹೋದರು. ನನ್ನನ್ನೂ ಕೇಳಿದ್ದರಂತೆ. ನನಗೆ ನೆನಪಿಲ್ಲ.

ತಿಂಗಳಿಗೊಮ್ಮೆ, ಮೊದಲ ಶನಿವಾರ, ಹಾಜಿಯವರು ಬರುತ್ತಿದ್ದರು. ನಮ್ಮೂರ ಜಮಾಅತಿನ ದುಬೈ ಕಮಿಟಿಯ ಹಿರಿಯರು, ದೇರಾದಲ್ಲಿ ಬಟ್ಟೆ ಅಂಗಡಿ ಇಟ್ಟು ಬಾಳಿದವರು. ಅಕ್ಕಿ, ಎಣ್ಣೆ, ಹಾಲಿನ ಪುಡಿ, ಚಾಹುಡಿ ತುಂಬಿದ ಕಿಟ್ ತರುತ್ತಿದ್ದರು. ಬಾಡಿಗೆಯಲ್ಲೂ ಕಮಿಟಿಯ ಪಾಲಿತ್ತು. ಹೊಸ್ತಿಲಾಚೆ ನಿಂತು ಸಲಾಂ ಹೇಳಿ, "ಹೇಗಿದ್ದಿ ಮಗಳೇ?" ಎಂದು ಕೇಳುತ್ತಿದ್ದರು. ನಾನು ಪರದೆಯ ಹಿಂದಿನಿಂದ "ಅಲ್‌ಹಮ್ದುಲಿಲ್ಲಾಹ್" ಎನ್ನುತ್ತಿದ್ದೆ. ಹಜಾರದ ಏಸಿ ಗುರ್ರೆನ್ನುತ್ತಿದ್ದರಿಂದ ಅವರಿಗೆ ನನ್ನ ಮಾತು ಅರ್ಧ ಕೇಳಿಸುತ್ತಿರಲಿಲ್ಲ. ಉಳಿದರ್ಧವನ್ನು ಮಗಳು ನಡುವೆ ನಿಂತು ದಾಟಿಸುತ್ತಿದ್ದಳು. ನಮ್ಮ ಮನೆಮಾತು ಬ್ಯಾರಿ, ಅವಳ ಬಾಯಲ್ಲಿ ಅದು ಅರ್ಧ ಇಂಗ್ಲಿಷು. ಇಲ್ಲಿ ಎಲ್ಲವನ್ನೂ ನಾನು ಕನ್ನಡ ಮಾಡಿಕೊಂಡೇ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ಹಾಜಿಯವರು ಒಂದು ಫೋಟೊ ತೆಗೆಯುತ್ತಿದ್ದರು. ಕಿಟ್ಟಿನ ಒಂದು ಬದಿಗೆ ಅವರ ಕೈ, ಇನ್ನೊಂದು ಬದಿಗೆ ಪಡೆದವರ ಕೈ. ಅದು ಕಮಿಟಿಯ ವಾಟ್ಸ್ಯಾಪ್ ಗ್ರೂಪಿಗೆ ಹೋಗಬೇಕು. ನಾನು ಹೊರಬರುವ ಹಾಗಿಲ್ಲವಲ್ಲ, ನಮ್ಮ ಮನೆಯ ಫೋಟೊದಲ್ಲಿ ಇರುತ್ತಿದ್ದದ್ದು ಮಗಳ ಕೈ.

"ಫೋಟೊ ಬೇಡ ಹಾಜಿಯವ್ರೇ," ಎಂದು ಎರಡನೇ ಸಲ ಬಂದಾಗಲೇ ಹೇಳಿದ್ದೆ.

"ಮುಖ ಬರೂದಿಲ್ಲ ಮಗಳೇ, ಕೈ ಮಾತ್ರ. ಕೊಟ್ಟವರಿಗೆ ತೋರಿಸ್ಬೇಕಲ್ಲ. ಇಲ್ಲದಿದ್ರೆ ಹಾಜಿ ತಿಂದ ಅಂತ ಹೇಳ್ತಾರೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿದ್ದದ್ದೂ ಸುಳ್ಳಲ್ಲ. ಅವರು ಹೋದ ಮೇಲೆ ಆ ಅಕ್ಕಿಯನ್ನೇ ತೊಳೆದು ಬೇಯಲಿಟ್ಟೆ. ಹಸಿದ ಹೊಟ್ಟೆಗೆ ಮರ್ಯಾದೆಯ ಮಾತು ಹಿಡಿಸುವುದಿಲ್ಲ, ಅದರಲ್ಲೂ ಮಗುವಿನ ಹೊಟ್ಟೆಗೆ.

ಇನ್ನೊಬ್ಬರು ನನ್ನ ಭಾವ, ಇವರ ಅಣ್ಣ. ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ರೂಮಿನಲ್ಲಿ ನಾಲ್ಕು ಜನರ ಜೊತೆ ಇದ್ದವರು. ಒಂದು ವಾರ ಬಿಟ್ಟು ಒಂದು ವಾರ ಬಸ್ಸು ಹತ್ತಿ ಬರುತ್ತಿದ್ದರು. ಬರುವಾಗ ಮಗಳಿಗೆ ಮಾವು, ಖರ್ಜೂರ, ಒಮ್ಮೆ ಒಂದು ಜೊತೆ ಶೂ. ಸೋಫಾದ ತುದಿಯಲ್ಲಿ ಕೂತು ಪರದೆಯ ಕಡೆ ನೋಡದೆ ಮಾತಾಡುತ್ತಿದ್ದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರ ಜೊತೆ ಜಗಳ ಆಡುವಷ್ಟು ಕಷ್ಟ ಬೇರಾವುದೂ ಇಲ್ಲ.

ನನ್ನ ಮತ್ತು ಮಗಳ ವೀಸಾ ಇವರ ಹೆಸರಿನ ಮೇಲೆ ನಿಂತಿತ್ತು. ಇವರೇ ಹೋದ ಮೇಲೆ ಅದೂ ಹೋಯಿತು. ವಿಧವೆಗೆ, ಅವಳ ಮಕ್ಕಳಿಗೆ ಒಂದು ವರ್ಷ ಯಾರ ಸ್ಪಾನ್ಸರೂ ಇಲ್ಲದೆ ಇರಲು ಇಲ್ಲಿ ಅವಕಾಶ ಉಂಟು. ಭಾವನೇ ಓಡಾಡಿ ಅದನ್ನು ಮಾಡಿಸಿಕೊಟ್ಟರು. ಅವರ ಲೆಕ್ಕ ಸರಳ. ಆ ಒಂದು ವರ್ಷ ನಾನು ಮನೆಯಲ್ಲಿ ಕೂರುವುದು, ಅರ್ಧ ಖರ್ಚು ಕಮಿಟಿ, ಅರ್ಧ ಖರ್ಚು ಅವರು. ಮಗಳ ಕ್ಲಾಸು ಮುಗಿದ ಮೇಲೆ ಇಬ್ಬರೂ ಊರಿಗೆ.

"ಊರಲ್ಲಿ ಎಲ್ಲಿಗೆ ಭಾವ?" ಎಂದು ಕೇಳಿದೆ.

"ನಿನ್ನ ತಮ್ಮ ಇಲ್ಲವಾ? ನಾವಿಲ್ಲವಾ? ಯಾಕೆ ಹೆದರ್ತಿ?"

ತಮ್ಮನದು ಎರಡು ಕೋಣೆಯ ಬಾಡಿಗೆ ಮನೆ, ಹೆಂಡತಿ, ಮೂರು ಮಕ್ಕಳು, ಜೊತೆಗೆ ನಮ್ಮನ್ನು ಹೆತ್ತ ಉಮ್ಮ. ಅಲ್ಲಿಗೆ ನಾವಿಬ್ಬರು. ಮಗಳಿಗೆ ಕನ್ನಡದ ಒಂದಕ್ಷರ ಓದಲು ಬಾರದು. ಒಂದು ವರ್ಷದ ಕೊನೆಗೆ ನಾನು ಇನ್ನೊಬ್ಬರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಮಗಳ ಫೀಸಿಗೆ ಯಾರ ಮುಖ ನೋಡುವುದೆಂದು ಯೋಚಿಸುತ್ತಿರುವುದು ನನಗೆ ಆಗಲೇ ಕಾಣುತ್ತಿತ್ತು. ನನಗೆ ಬೇಕಾದದ್ದು ಒಂದೇ. ಮಗಳ ವೀಸಾ ನನ್ನ ಹೆಸರಿನ ಮೇಲೆ ಬರಬೇಕು. ಯಾರ ಕರುಣೆ ಮುಗಿದ ದಿನವೂ ನಾವು ಪೆಟ್ಟಿಗೆ ಕಟ್ಟುವ ಹಾಗೆ ಆಗಬಾರದು.

ನಮ್ಮ ಹಿಂದಿನ ಕಟ್ಟಡದ ಕೆಳಗೆ ಒಂದು ಹಲ್ಲಿನ ಕ್ಲಿನಿಕ್ ಇದೆ. ಡಾಕ್ಟರ್ ಮಲಯಾಳಿ ಹೆಂಗಸು. ಮಗಳ ಹುಳುಕು ಹಲ್ಲನ್ನು ಎರಡು ಸಲ ಅಲ್ಲಿಯೇ ತೋರಿಸಿದ್ದೆವು. ಇವರು ಹೋದ ಸುದ್ದಿ ಕೇಳಿ ಆ ಡಾಕ್ಟರ್ ಫೋನ್ ಮಾಡಿದವರು, ಸಮಾಧಾನದ ಮಾತೆಲ್ಲ ಆದ ಮೇಲೆ ಮೆತ್ತಗೆ ಕೇಳಿದರು. ಅವರ ರಿಸೆಪ್ಷನಿಸ್ಟ್ ಕೆಲಸ ಬಿಡುತ್ತಿದ್ದಾಳೆ, ನಾನು ಬಿ.ಕಾಂ. ಮಾಡಿದವಳಲ್ಲವೇ, ಮದುವೆಗೆ ಮುಂಚೆ ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಮಾಡಿದ್ದೆನಲ್ಲವೇ. ಸಂಬಳ ದೊಡ್ಡದಲ್ಲ, ಆದರೆ ಮಗಳ ವೀಸಾ ನನ್ನ ಮೇಲೆ ಮಾಡಿಸಲು ಸಾಕಾಗುವಷ್ಟು ಕೊಡುತ್ತೇನೆ, ಶಾಲೆ ಬಿಟ್ಟ ಮೇಲೆ ಮಗು ಹಿಂದಿನ ಕೋಣೆಯಲ್ಲಿ ಕೂತು ಹೋಂವರ್ಕ್ ಮಾಡಲಿ ಎಂದರು.

ಬಿಟ್ಟುಹೋಗುತ್ತಿದ್ದವಳ ಜೊತೆಯೂ ಫೋನಿನಲ್ಲಿ ಮಾತಾಡಿದೆ. ಅವಳೂ ಗಂಡ ಇಲ್ಲದವಳು, ಅವನು ಬಿಟ್ಟುಹೋದದ್ದು. ಮಗನನ್ನು ಕಣ್ಣೂರಿನಲ್ಲಿ ತಾಯಿಯ ಹತ್ತಿರ ಬಿಟ್ಟು ಇಲ್ಲಿ ದುಡಿದವಳು. ಈಗ ತಾಯಿಗೆ ಎದ್ದು ಓಡಾಡಲು ಆಗುವುದಿಲ್ಲ. "ಐದು ವರ್ಷ ಮಗನಿಗಾಗಿ ದುಡಿದೆ ಚೇಚಿ, ಈಗ ವಿಡಿಯೋ ಕಾಲಿನಲ್ಲಿ ನನ್ನ ಹತ್ತಿರ ಮಾತಾಡುವುದೇ ಇಲ್ಲ," ಎಂದಳು. ಕೆಲಸಕ್ಕೆ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ನನ್ನ ಧೈರ್ಯ ಸ್ವಲ್ಪ ಇಳಿಯಿತು.

ಸಾಲದ್ದಕ್ಕೆ ಕಮಿಟಿಯ ನಿಯಮ ಸ್ಪಷ್ಟ ಇತ್ತು. ಕೆಲಸ ಸಿಕ್ಕ ಹೆಂಗಸಿಗೆ ಸಹಾಯ ಇಲ್ಲ. ಕ್ಲಿನಿಕ್ಕಿನಲ್ಲಿ ಮೊದಲ ಆರು ತಿಂಗಳು ಪ್ರೊಬೇಷನ್. ಅಷ್ಟರಲ್ಲಿ ಡಾಕ್ಟರಿಗೆ ನಾನು ಬೇಡವಾದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಮನೆಯಲ್ಲಿ ಕೂತರೆ ಒಂದು ವರ್ಷವಾದರೂ ಮಗಳ ಊಟ, ಶಾಲೆ, ಬಾಡಿಗೆಗೆ ಮೋಸವಿಲ್ಲ. ಈ ತಕ್ಕಡಿಯನ್ನು ನಾನು ದಿನಕ್ಕೆಷ್ಟು ಸಲ ತೂಗಿದೆನೋ. ಒಂದು ಗಳಿಗೆ ಕೂರುವುದೇ ಸರಿ ಅನ್ನಿಸುತ್ತಿತ್ತು, ಇನ್ನೊಂದು ಗಳಿಗೆ ಉಸಿರು ಕಟ್ಟುತ್ತಿತ್ತು.

ಇದ್ದತ್ ಮುಗಿಯಲು ಇನ್ನೂ ಎರಡು ವಾರ ಚಿಲ್ಲರೆ ಇರುವಾಗ ಡಾಕ್ಟರ್ ಮತ್ತೆ ಫೋನ್ ಮಾಡಿದರು. ಕೆಲಸಕ್ಕೆ ಸೇರುವುದು ಇದ್ದತ್ ಮುಗಿದ ಮೇಲೆಯೇ ಆಗಲಿ. ಆದರೆ ವೀಸಾದ ಮೆಡಿಕಲ್, ಅಂದರೆ ರಕ್ತ ಮತ್ತು ಎಕ್ಸ್‌ರೇ, ಅದಕ್ಕೆ ಮಾತ್ರ ಈ ಶುಕ್ರವಾರವೇ ಹೋಗಬೇಕು. ಇದು ತಪ್ಪಿದರೆ ವೀಸಾ ಸಮಯಕ್ಕೆ ಬರುವುದಿಲ್ಲ, ತನಗೆ ಬೇರೆಯವಳನ್ನು ತೆಗೆದುಕೊಳ್ಳದೆ ದಾರಿಯಿಲ್ಲ. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಕೌಂಟರಿನಲ್ಲಿ ಕೂರಲು ಜನ ಬೇಕು, ಅಷ್ಟೆ.

ಊರ ಮಸೀದಿಯ ಖತೀಬ್ ಉಸ್ತಾದರಿಗೆ ಫೋನ್ ಮಾಡಿ ಕೇಳಿದೆ.

"ಅನಿವಾರ್ಯ ಇದ್ರೆ ಹಗಲು ಹೋಗಿ ಹಗಲೇ ಮನೆಗೆ ಬರ್ಬಹುದು ಮಗಳೇ. ಕಿತಾಬಲ್ಲಿ ಉಂಟು," ಎಂದರು.

"ಅದನ್ನು ಸ್ವಲ್ಪ ನನ್ನ ಭಾವನಿಗೂ ಹೇಳ್ತೀರಾ ಉಸ್ತಾದ್?"

ಅವರು ಸ್ವಲ್ಪ ಕೆಮ್ಮಿದರು. "ಅವ್ರು ಕೇಳಿದ್ರೆ ಹೇಳ್ತೇನೆ."

ಭಾವ ಕೇಳುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಕಿತಾಬಿನಲ್ಲಿ ಏನಿದ್ದರೂ ಜನರ ಬಾಯಿ ಬೇರೆಯೇ ಓದುತ್ತದೆ. ಇದ್ದತ್ತಿನಲ್ಲಿ ಹೆಣ್ಣು ಟ್ಯಾಕ್ಸಿ ಹತ್ತಿ ಹೋದಳಂತೆ ಎಂದು ಒಬ್ಬರು ಹೇಳಿದರೆ ಸಾಕು, ಊರಲ್ಲಿ ನನ್ನ ಅತ್ತೆಯ ಕಿವಿಗೆ ಮುಟ್ಟುವಾಗ ಟ್ಯಾಕ್ಸಿಯಲ್ಲಿ ಇನ್ನೊಬ್ಬನೂ ಕೂತಿರುತ್ತಾನೆ. ಹೇಳುವುದೋ ಹೇಳದೆ ಹೋಗುವುದೋ, ಹೋಗುವುದೇ ಬೇಡವೋ ಎಂದು ಎರಡು ದಿನ ಒದ್ದಾಡಿದೆ.

ಗುರುವಾರ ಮಗಳು ಶಾಲೆಯಿಂದ ಬಂದವಳು ಬ್ಯಾಗು ಬಿಸಾಕಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಕರೆದರೂ ಹೊರಗಿಲ್ಲ. ಕೊನೆಗೆ ಒಳಗಿನಿಂದಲೇ ಹೇಳಿದಳು. ಬಸ್ಸಿನಲ್ಲಿ ಒಬ್ಬ ಹುಡುಗಿ, ಅವಳ ತಂದೆಯೂ ನಮ್ಮ ಕಮಿಟಿಯ ಗ್ರೂಪಿನಲ್ಲಿ ಇರುವವರು, ಫೋಟೊ ನೋಡಿ ಇವಳ ಕೈಯ ಮಣಿಸರ ಗುರುತು ಹಿಡಿದಿದ್ದಾಳೆ. ಇಡೀ ಬಸ್ಸಿಗೆ ಹೇಳಿದ್ದಾಳೆ.

"ದೇ ಕಾಲ್ಡ್ ಮಿ ಕಿಟ್ ಗರ್ಲ್," ಎಂದಳು ಮಗಳು. ಆಮೇಲೆ ಬ್ಯಾರಿಯಲ್ಲಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ಉಮ್ಮಾ, ಇನ್ನು ನನ್ನ ಕೈ ಕೊಡುವುದಿಲ್ಲ. ನೀನೇ ಕೊಡು."

ಮಣಿಸರವನ್ನು ಬಿಚ್ಚಿ ಕಸದ ಡಬ್ಬಿಗೆ ಹಾಕಿದ್ದಳು. ಇವರು ತಂದುಕೊಟ್ಟದ್ದು. ಅದನ್ನು ಎತ್ತಿ ತೊಳೆಯುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹಾಜಿಯವರ ಮೇಲೆ, ಬಸ್ಸಿನ ಹುಡುಗಿಯ ಮೇಲೆ, ಹೇಳದೆ ಕೇಳದೆ ಹೋದ ಇವರ ಮೇಲೆ, ಎಲ್ಲರಿಗಿಂತ ಹೆಚ್ಚು ಗ್ಯಾಸಿಗೂ ಫ್ರಿಜ್ಜಿಗೂ ನಡುವೆ ನಿಂತು ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಿದ್ದ ನನ್ನ ಮೇಲೆ. ಆ ಸಿಟ್ಟಿನಲ್ಲೇ ಡಾಕ್ಟರಿಗೆ ಮೆಸೇಜ್ ಹಾಕಿದೆ, ನಾಳೆ ಹೋಗುತ್ತೇನೆ ಎಂದು.

ಶುಕ್ರವಾರ ಮಗಳು ಶಾಲೆಗೆ ಹೋದ ಕೂಡಲೇ ಬಿಳಿ ಬಟ್ಟೆಯ ಮೇಲೆ ಕಪ್ಪು ಅಬಾಯ ಹಾಕಿ, ಮುಖ ಮುಚ್ಚಿ ಹೊರಟೆ. ಶುಕ್ರವಾರ ಇಲ್ಲಿ ಶಾಲೆ ಅರ್ಧ ದಿನ. ಬಸ್ಸು ಬರುವ ಮುಂಚೆ ಮನೆ ಸೇರುತ್ತೇನೆಂಬ ಲೆಕ್ಕ ನನ್ನದು. ತಡವಾದರೆ ಇರಲಿ ಎಂದು ಅವಳ ಬ್ಯಾಗಿನಲ್ಲಿ ಕೀ ಹಾಕಿದ್ದೆ, ಹಳೆಯ ಫೋನ್ ಚಾರ್ಜಿಗಿಟ್ಟಿದ್ದೆ, ಯಾರು ಬಂದರೂ ಚೈನ್ ತೆಗೆಯಬೇಡ ಎಂದಿದ್ದೆ. ಲಿಫ್ಟಿನಲ್ಲಿ ಇಳಿದೆ. ನಾಲ್ಕು ತಿಂಗಳಾಗುತ್ತ ಬಂದಿತ್ತು ನೆಲ ಮೆಟ್ಟದೆ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು.

ಮೆಡಿಕಲ್ ಸೆಂಟರ್ ಇದ್ದದ್ದು ಮುಹೈಸ್ನಾದಲ್ಲಿ. ಟ್ಯಾಕ್ಸಿ ಒಂದು ಉದ್ದದ ಗೋಡೆಯ ಪಕ್ಕದಲ್ಲಿ ಹೋಗುವಾಗ, "ಇದೇನು?" ಎಂದು ಡ್ರೈವರನ್ನು ಹಿಂದಿಯಲ್ಲಿ ಕೇಳಿದೆ. "ಖಬರಸ್ಥಾನ್ ಹೈ ಬಾಜಿ," ಎಂದ. ಇವರು ಮಲಗಿದ್ದ ಜಾಗವನ್ನು ನಾನು ನೋಡಿದ್ದು ಹಾಗೆ, ಮುಚ್ಚಿದ ಕಿಟಕಿಯ ಒಳಗಿಂದ, ಬರೀ ಗೋಡೆ. ನಿಲ್ಲಿಸು ಎನ್ನಲು ಬಾಯಿಯವರೆಗೆ ಬಂತು. ನಿಲ್ಲಿಸಿದ್ದರೆ ಇಳಿಯುತ್ತಿದ್ದೆ, ಇಳಿದಿದ್ದರೆ ಮೆಡಿಕಲ್‌ಗೆ ಹೋಗುತ್ತಿರಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿ ಸಿಗ್ನಲ್ ದಾಟಿಸಿದ.

ಒಳಗೆ ಹೆಂಗಸರ ಹಾಲ್ ತುಂಬಿ ತುಳುಕುತ್ತಿತ್ತು. ಎಕ್ಸ್‌ರೇ ಬೇಗನೆ ಆಯಿತು. ಅಲ್ಲಿ ಅಬಾಯ ತೆಗೆದಾಗ ಒಳಗಿನ ಬಿಳಿ ಕಂಡು ನರ್ಸ್ ನನ್ನ ಮುಖ ನೋಡಿದಳು. ಸುಡಾನಿನವಳು. "ಇದ್ದಾ?" ಎಂದು ಕೇಳಿದಳು, ಅರಬಿಯಲ್ಲಿ ಇದ್ದತ್ತಿಗೆ ಹಾಗೆನ್ನುತ್ತಾರೆ. ತಲೆಯಾಡಿಸಿದೆ. ತಮ್ಮಲ್ಲಿಯೂ ಹೀಗೆ ಬಿಳಿಯೇ ಎಂದು ಕೈಸನ್ನೆಯಲ್ಲಿ ಹೇಳಿ, "ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್," ಎಂದು ನನ್ನ ಭುಜ ತಟ್ಟಿದಳು. ನಾಲ್ಕು ತಿಂಗಳಲ್ಲಿ ಏನೂ ತೊಂದರೆಯಿಲ್ಲ ಎಂದು ನನಗೆ ಹೇಳಿದವಳು ಅವಳೊಬ್ಬಳೇ. ಆದರೆ ರಕ್ತ ತೆಗೆಯುವ ಕಡೆ ಸಿಸ್ಟಮ್ ನಿಂತಿತ್ತು. ಟೋಕನ್ ಹಿಡಿದು ಕೂತೆ. ಅರ್ಧ ಗಂಟೆ, ಮತ್ತೆ ಅರ್ಧ ಗಂಟೆ. ಮಗಳ ಬಸ್ಸು ಬರುವ ಹೊತ್ತಾಯಿತು. ಫೋನ್ ಮಾಡಿದಳು, ಮನೆಯೊಳಗೆ ಬಂದೆ, ಬ್ರೆಡ್ ತಿನ್ನುತ್ತಿದ್ದೇನೆ ಎಂದಳು. ಎದ್ದು ಹೋಗಿಬಿಡಲೇ ಎಂದು ಬಾಗಿಲ ಕಡೆ ನೋಡಿದೆ, ಕೂತೆ, ಮತ್ತೆ ನೋಡಿದೆ. ಜುಮಾ ನಮಾಜೂ ಮುಗಿಯಿತು. ಸಿಸ್ಟಮ್ ಶುರುವಾಗಿ ನಂಬರುಗಳು ಓಡತೊಡಗಿದವು.

ಆಗ ಮತ್ತೆ ಫೋನ್.

"ಉಮ್ಮಾ," ಮಗಳು ಪಿಸುಗುಟ್ಟಿದಳು, "ದಟ್ ಕಿಟ್ ಅಂಕಲ್ ಈಸ್ ಹಿಯರ್."

ಅವರು ಬರಬೇಕಾದದ್ದು ಮರುದಿನ, ಶನಿವಾರ. ಹಾಜಿಯವರಿಗೆ ಮರುದಿನ ಶಾರ್ಜಾದಲ್ಲಿ ಮದುವೆಯಂತೆ, ಜುಮಾ ಮುಗಿಸಿ ನೇರ ನಮ್ಮಲ್ಲಿಗೆ ಬಂದಿದ್ದರು. ಚೈನ್ ಹಾಕಿದ ಬಾಗಿಲಿನ ಆಚೆಯಿಂದ ಅವರ ಸಲಾಂ ಫೋನಿನಲ್ಲೇ ಕೇಳಿಸಿತು. "ಉಮ್ಮ ಇದ್ದಾರಾ ಮಗೂ?" ಎನ್ನುತ್ತಿದ್ದರು.

ಅಂಥ ಯೋಚನೆ ನನಗೆ ಎಲ್ಲಿಂದ ಬಂತೋ. ನಾಲ್ಕು ತಿಂಗಳಿಂದ ಆ ಮನುಷ್ಯ ನನ್ನನ್ನು ನೋಡಿಯೇ ಇರಲಿಲ್ಲ. ಅವರಿಗೆ ನಾನೆಂದರೆ ಪರದೆಯ ಹಿಂದಿನಿಂದ ಬರುವ ಒಂದು ದನಿ, ಅಷ್ಟೆ. ಆ ದನಿ ಅಡುಗೆಮನೆಯಿಂದ ಬಂದರೆ ಸಾಕಲ್ಲ.

"ಫೋನನ್ನು ಸ್ಪೀಕರಿಗೆ ಹಾಕು," ಎಂದೆ. "ಪರದೆಯ ಹಿಂದೆ, ಫ್ರಿಜ್ಜಿನ ಮೇಲೆ ಇಡು. ಆಮೇಲೆ ಚೈನ್ ತೆಗೆ."

ಮಗಳು ಯಾಕೆಂದು ಕೇಳಲಿಲ್ಲ. ಕುರ್ಚಿ ಎಳೆದ ಸದ್ದು, ಚೈನಿನ ಸದ್ದು. ನಾನು ಸೆಂಟರಿನ ಹಾಲ್‌ನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ, ಫೋನಿನ ಸುತ್ತ ಕೈ ಮುಚ್ಚಿ ನಿಂತೆ.

"ಹೇಗಿದ್ದಿ ಮಗಳೇ?"

"ಅಲ್‌ಹಮ್ದುಲಿಲ್ಲಾಹ್ ಹಾಜಿಯವ್ರೇ."

"ನಾಳೆ ಬರ್ಲಿಕ್ಕೆ ಆಗೂದಿಲ್ಲ, ಅದಕ್ಕೆ ಇವತ್ತೇ ತಂದೆ. ಇದ್ದತ್ ಮುಗೀಲಿಕ್ಕೆ ಬಂತಲ್ಲ?"

"ಇನ್ನು ಸ್ವಲ್ಪ ದಿನ ಉಂಟು."

ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ನನಗೆ ನಗುವೂ ಬರುತ್ತಿತ್ತು, ಹೆದರಿಕೆಯಿಂದ ಬೆನ್ನು ಒದ್ದೆಯಾಗಿತ್ತು. "ಇನ್ನೇನಾದ್ರೂ ಬೇಕಾ?" ಎಂದು ಅವರು ಕೇಳಿದ ಹೊತ್ತಿಗೆ ನನ್ನ ತಲೆಯ ಮೇಲಿನ ಸ್ಪೀಕರ್ ಗಂಟೆ ಬಾರಿಸಿತು. ಮೊದಲು ಅರಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಟಿಕೆಟ್ ನಂಬರ್ ಇಂಥದ್ದು, ಕೌಂಟರ್ ಇಂಥದ್ದು. ನನ್ನದೇ ನಂಬರು.

ಟಿವಿ ಎನ್ನಬಹುದಿತ್ತು. ಆದರೆ ವೀಸಾ ಎಂದು ಈ ದೇಶಕ್ಕೆ ಬಂದ ಯಾರಿಗಾದರೂ ಆ ಹೆಣ್ಣುದನಿ ಗೊತ್ತು. ಅದನ್ನು ಕಾದು ಕೂರದವರು ಇಲ್ಲ, ಹಾಜಿಯವರೂ ಕೂತವರೇ.

"ಮಗಳೇ," ಎಂದರು ನಿಧಾನಕ್ಕೆ, "ನೀನು ಎಲ್ಲಿದ್ದಿ?"

"ಮೆಡಿಕಲ್‌ಗೆ ಬಂದಿದ್ದೇನೆ. ಕೆಲಸದ ವೀಸಾದ್ದು."

"ಮಗು ಒಬ್ಬಳೇ ಉಂಟಾ ಮನೆಯಲ್ಲಿ?"

ಇದ್ದತ್ತಿನ ಮಾತೆತ್ತಿದ್ದರೆ ನನ್ನ ಹತ್ತಿರ ಉಸ್ತಾದರ ಉತ್ತರ ಇತ್ತು. ಅವರು ಕೇಳಿದ್ದು ಮಗುವಿನ ಮಾತು. "ಹೌದು," ಎಂದೆ. ಸ್ಪೀಕರ್ ಮತ್ತೆ ನನ್ನ ನಂಬರು ಕೂಗಿತು. ಮೂರನೇ ಸಲ ಕೂಗುವುದಿಲ್ಲ, ಮುಂದಿನವರನ್ನು ಕರೆಯುತ್ತಾರೆ, ಮತ್ತೆ ಸೋಮವಾರವೇ. ಫೋನಿನಲ್ಲಿ ಮಗಳು, ಎದುರಿಗೆ ಕೌಂಟರು. ನಾನು ಫೋನ್ ಕಟ್ ಮಾಡಿ ಕೌಂಟರಿಗೆ ಹೋದೆ. ಸೂಜಿ ಚುಚ್ಚುವಾಗ ನರ್ಸ್ ಕೈ ಸಡಿಲ ಬಿಡಿ ಎಂದು ಎರಡು ಸಲ ಹೇಳಬೇಕಾಯಿತು.

ಮನೆಗೆ ಬಂದಾಗ ಹಾಜಿಯವರು ಲಿಫ್ಟಿನೆದುರು, ಮೆಟ್ಟಿಲ ಮೇಲೆ ಕರ್ಚೀಫು ಹಾಸಿ ಕೂತಿದ್ದರು. ಮಗಳಿಗೆ ಒಳಗಿಂದ ಚೈನ್ ಹಾಕಿಸಿ, ನಾನು ಬರುವವರೆಗೆ ಅಲ್ಲಿಯೇ ಕಾದಿದ್ದರು. ನನ್ನನ್ನು ಕಂಡು ಎದ್ದು ನೆಲ ನೋಡುತ್ತ ನಿಂತರು. ಎಪ್ಪತ್ತರ ಮುದುಕ, ಮಂಡಿ ಹಿಡಿದುಕೊಂಡು ಎದ್ದರು.

"ಕಿಟ್ ಒಳಗೆ ಕೊಟ್ಟಿದ್ದೇನೆ. ಫೋಟೊ ತೆಗೀಲಿಲ್ಲ," ಎಂದರು. "ಅಬುಧಾಬಿಗೆ ಫೋನ್ ಮಾಡಿದ್ದೇನೆ. ಹೇಳದೆ ಇರ್ಲಿಕ್ಕೆ ನನಗೆ ಆಗೂದಿಲ್ಲ ಮಗಳೇ, ನಿನ್ನ ಜವಾಬ್ದಾರಿ ಅವರದ್ದು. ಕೆಲಸ ಆದ್ರೆ ಕಮಿಟಿದು ನಿಲ್ತದೆ, ಅದು ನಿನಗೆ ಗೊತ್ತುಂಟು."

"ಗೊತ್ತುಂಟು."

"ಒಂದು ಮಾತು ಮೊದಲೇ ಹೇಳಿದ್ರೆ ನನ್ನ ಹೆಂಡತಿಯನ್ನು ಇಲ್ಲಿ ಕೂರಿಸ್ತಿದ್ದೆ. ಹೆಣ್ಣು ಮಗು." ಅಷ್ಟು ಹೇಳಿ ಲಿಫ್ಟ್ ಹತ್ತಿದರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಬೈಯಲಿಲ್ಲ, ಅದು ನನಗೆ ಇನ್ನೂ ಹೆಚ್ಚು ನಾಟಿತು.

ಸಂಜೆ ಅಸರ್ ಬಾಂಗಿನ ಹೊತ್ತಿಗೆ ಭಾವ ಬಂದರು. ಬಸ್ಸಿಗೆ ಕಾಯದೆ ಯಾರದೋ ಕಾರಿನಲ್ಲಿ ಬಂದಿದ್ದರು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಸೋಫಾದಲ್ಲಿ ಕೂರಲಿಲ್ಲ. ನಾನು ಪರದೆಯ ಹಿಂದೆ ನನ್ನ ಮಾಮೂಲಿ ಸಂದಿಯಲ್ಲಿ ನಿಂತೆ. ಮಗಳು ನಡುವೆ ನಿಂತಳು, ಅಭ್ಯಾಸ ಬಲ.

"ಕೇಳು ನಿನ್ನ ಉಮ್ಮನನ್ನು," ಎಂದು ಭಾವ ಅವಳಿಗೆ ಹೇಳಿದರು, "ನನ್ನ ತಮ್ಮನ ಮಣ್ಣು ಒಣಗುವ ಮುಂಚೆ ಬೀದಿಗೆ ಬೀಳುವಂಥದ್ದು ಎಂತ ಆಗಿತ್ತು ಅಂತ ಕೇಳು."

ಮಗಳು ಅವರ ಮುಖ ನೋಡಿದಳು, ಪರದೆ ನೋಡಿದಳು. "ಷಿ ಕ್ಯಾನ್ ಹಿಯರ್ ಯು," ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ನಾವಿಬ್ಬರೇ. ಭಾವನ ದನಿ ಏರಿತು. ಊರಲ್ಲಿ ಮುಖ ತೋರಿಸುವುದು ಹೇಗೆ, ತಾಯಿಗೆ ಏನು ಹೇಳುವುದು, ಮಗುವಿಗೆ ಏನಾದರೂ ಆಗಿದ್ದರೆ ಪೊಲೀಸರು ಯಾರನ್ನು ಹಿಡಿಯುತ್ತಿದ್ದರು. ಮಗುವಿನ ಮಾತಿಗೆ ನಾನು ತಲೆ ತಗ್ಗಿಸಿದೆ. ಉಳಿದದ್ದಕ್ಕೆ ತಗ್ಗಿಸಲಿಲ್ಲ.

"ಒಂದು ವರ್ಷ ಆದ ಮೇಲೆ ಎಂತ ಭಾವ? ಅದೊಂದು ಹೇಳಿ. ಎರಡನೇ ವರ್ಷ ನನ್ನ ಮಗಳ ಫೀಸು ಯಾರು ಕಟ್ತಾರೆ?"

"ನಾನಿಲ್ಲವಾ?"

"ಮೂರನೇ ವರ್ಷ?"

"ನಾನಿದ್ದೇನೆ ಅಂತ ಹೇಳ್ಲಿಲ್ಲವಾ!" ಎಂದು ಕೂಗಿದರು.

"ನೀವಿದ್ದೀರಿ ಅಂತಲೇ ನಾನು ನಾಲ್ಕು ತಿಂಗಳು ಬಾಯಿ ಮುಚ್ಚಿ ಕೂತದ್ದು. ಇವರೂ ಇದ್ದೇನೆ ಅಂತಲೇ ಹೇಳ್ತಿದ್ರು. ಬೆಳಿಗ್ಗೆ ಹೋದವರು ಮಧ್ಯಾಹ್ನಕ್ಕೆ ಇಲ್ಲ. ನನಗೆ ಇನ್ನು ಯಾರ 'ಇದ್ದೇನೆ'ಯೂ ಸಾಕಾಗುವುದಿಲ್ಲ ಭಾವ. ನನ್ನ ಮಗಳ ವೀಸಾದಲ್ಲಿ ನನ್ನ ಹೆಸರು ಬೇಕು."

ಇಷ್ಟು ಉದ್ದ ನಾನು ಅವರೆದುರು ಎಂದೂ ಮಾತಾಡಿದವಳಲ್ಲ. ಹೊಡೆಯುವವರ ಹಾಗೆ ಒಂದು ಹೆಜ್ಜೆ ಮುಂದೆ ಬಂದರು, ನಿಂತರು. ಆಮೇಲೆ ಸೋಫಾದ ತುದಿಯಲ್ಲಿ ಕೂತರು. ಪರದೆಯ ಅಂಚಿನ ಸಂದಿಯಲ್ಲಿ ಅವರ ಮೊಣಕಾಲು, ಮೇಲಿಟ್ಟ ಕೈ ಮಾತ್ರ ಕಾಣುತ್ತಿತ್ತು. ಕೈ ಮೊಣಕಾಲನ್ನು ಉಜ್ಜುತ್ತಲೇ ಇತ್ತು.

"ಕೆಲಸ ಗ್ಯಾರಂಟಿಯಾ?" ಎಂದು ಕೇಳಿದರು. ದನಿ ಪೂರ್ತಿ ಇಳಿದಿತ್ತು.

"ಮೆಡಿಕಲ್ ಪಾಸಾದ್ರೆ. ಆರು ತಿಂಗಳು ನೋಡ್ತಾರೆ."

"ಮಗಳ ವೀಸಾ ಮಾಡಿಸಿಕೊಡ್ತಾರಾ?"

"ಆ ಸಂಬಳದಲ್ಲಿ ಆಗ್ತದೆ ಅಂತ ಡಾಕ್ಟರ್ ಹೇಳಿದ್ದಾರೆ."

ಕೋಣೆಯೊಳಗೆ ಮಗಳು ಯಾವುದೋ ವಿಡಿಯೋ ನೋಡುತ್ತಿದ್ದ ಸದ್ದು ಬರುತ್ತಿತ್ತು.

"ನನಗೆ ನೋಟಿಸ್ ಕೊಟ್ಟಿದ್ದಾರೆ," ಎಂದರು ಭಾವ. "ಕಂಪನಿ ಮುಚ್ತಾರಂತೆ. ಹೋದ ತಿಂಗಳೇ ಹೇಳಿದ್ರು. ಈ ತಿಂಗಳು ಲಾಸ್ಟ್, ಆಮೇಲೆ ಖಲಾಸ್."

ಹೋದ ತಿಂಗಳು. ಅಂದರೆ ಮಗಳಿಗೆ ಶೂ ತಂದ ವಾರ ಅವರಿಗೆ ಗೊತ್ತಿತ್ತು. ನಾವಿಲ್ಲವಾ ಎಂದು ಸೋಫಾದಲ್ಲಿ ಕೂತು ಹೇಳಿದಾಗ ಗೊತ್ತಿತ್ತು. ಈಗ ಸ್ವಲ್ಪ ಹೊತ್ತಿನ ಮೊದಲು ಕೂಗಿದಾಗಲೂ ಗೊತ್ತಿತ್ತು. ನಾನು ಫ್ರಿಜ್ಜು ಹಿಡಿದುಕೊಂಡೆ. ನಾನು ಅವರ ಮಾತು ಕೇಳಿ ಕೂತಿದ್ದರೆ, ಇವತ್ತು ಹೋಗದೆ ಇದ್ದಿದ್ದರೆ?

"ಮತ್ತೆ ನನ್ನನ್ನು ಯಾಕೆ ಕೂರಿಸಿದ್ರಿ ಭಾವ? ನನ್ನ ಮಗಳ ಗತಿ ಎಂತ ಆಗ್ತಿತ್ತು?"

"ಎಂತಾದ್ರೂ ಮಾಡ್ತಿದ್ದೆ," ಎಂದರು. "ತಮ್ಮನ ಹೆಂಡತಿ ಹತ್ತಿರ ನನಗೆ ಕೆಲಸ ಇಲ್ಲ ಅಂತ ಹೇಗೆ ಹೇಳೂದು? ಊರಲ್ಲಿ ನನ್ನ ಹೆಂಡತಿಗೇ ಹೇಳ್ಲಿಲ್ಲ."

ನನಗೆ ಅವರನ್ನು ಬೈಯಬೇಕಿತ್ತು. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಎದ್ದು ಬಾಗಿಲವರೆಗೆ ಹೋಗಿ ಚಪ್ಪಲಿ ಹಾಕಿಕೊಂಡರು. ಹೊರಡುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬಾಗಿಲಿಗೆ ಮುಖ ಮಾಡಿ, ನನಗೆ ಬೆನ್ನು ಹಾಕಿ, ಕೋಣೆಯಲ್ಲಿದ್ದ ಮಗುವಿಗೂ ಕೇಳಿಸದ ಹಾಗೆ ಮೆಲ್ಲಗೆ ಕೇಳಿದರು.

"ನಿನ್ನ ಆ ಕ್ಲಿನಿಕ್ಕಲ್ಲಿ ಡ್ರೈವರ್, ಆಫೀಸ್ ಬಾಯ್, ಎಂತದಾದ್ರೂ ಬೇಕಾ ಅಂತ ಒಮ್ಮೆ ಕೇಳ್ತಿಯಾ?"

ಐವತ್ತು ದಾಟಿದ ಮನುಷ್ಯ. ನನ್ನ ಗಂಡನನ್ನು ಈ ದೇಶಕ್ಕೆ ಕರೆತಂದು, ಮೊದಲ ಕೆಲಸ ಹಿಡಿಸಿಕೊಟ್ಟವರು. ನನ್ನ ತೋಳಿನಲ್ಲಿ ಸೂಜಿ ಚುಚ್ಚಿದ ಕಡೆ ಅಂಟಿಸಿದ ಹತ್ತಿ ಇನ್ನೂ ಹಾಗೆಯೇ ಇತ್ತು. ಒಂದು ದಿನವೂ ಕೆಲಸಕ್ಕೆ ಹೋಗದವಳು ನಾನು.

"ಕೇಳ್ತೇನೆ ಭಾವ," ಎಂದೆ.